ನಂಬಿಗಸ್ತ ಸೇವಕನ ಸಮಾಧಿಯೂ ನನ್ನ ಚೀಲದ ನಿಂಬೆಹಣ್ಣುಗಳೂ

ಸಂಶೋಧನೆ ಎಂದರೆ ಏನು ಮಹಾ ಎಂದುಕೊಂಡಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನಿಗೆ ಇತಿಹಾಸವೇನು ಕೈಗೆ ಸಿಗದ ವಸ್ತುವೇ? ಅಲ್ಲಿ ನಕಾಶೆ, ಇಲ್ಲಿ ಇಸವಿ. ಅಷ್ಟೇ ವ್ಯತ್ಯಾಸ!

ಈ ವಿಶ್ವಾಸ ಹುಟ್ಟಿದ್ದು ಒಂದು ಮದುವೆ ಊಟದ ನಂತರ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ದಾರಿಯಲ್ಲೊಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಗೆ ನಾನು ಇನ್ನೊಮ್ಮೆ ಹೋಗಬೇಕಾಗಿದೆ. ಹೋಳಿಗೆ ಎರಡು ಹೆಚ್ಚಾಗಿ, ನೆರಳು ಹುಡುಕುತ್ತ ಊರ ಹೊರಗಿನ ಪುಟ್ಟ ಚರ್ಚಿನ ಹಿಂದೆ ಹೋದೆ. ಬೇವಿನ ಮರದ ಕೆಳಗೆ ಐದಾರು ಸಮಾಧಿಗಳಿದ್ದವು. ಒಂದು ಕಲ್ಲಿನ ಮೇಲೆ ಪಾಚಿಯ ನಡುವೆ ಇಂಗ್ಲಿಷಿನಲ್ಲಿ ಎರಡೇ ಮಾತು ಓದಲು ಬಂದವು. ‘ನಂಬಿಗಸ್ತ ಸೇವಕ.’ ‘ಪರದೇಶದವನು.’ ಹೆಸರಿನ ಜಾಗದಲ್ಲಿ ಬರೀ ಪಾಚಿ.

ನನ್ನ ಮೈ ಜುಮ್ಮೆಂದಿತು. ಹಾನಗಲ್ಲಿಗೆ ಮರಳಿದವನೇ ನಮ್ಮ ಇತಿಹಾಸ ಬಳಗದವರ ಮುಂದೆ ಬಾಯಿ ಬಿಟ್ಟೆ. ಮೂರನೇ ದಿನಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು: ‘ಪರದೇಶಿ ಸೇವಕನೊಬ್ಬನ ಸಂಪೂರ್ಣ ಜೀವನ ಶೋಧ.’ ಕೆಳಗೆ ನನ್ನ ಹೆಸರು, ಫೋಟೋ ಸಮೇತ. ಆ ‘ಸಂಪೂರ್ಣ’ ಎಂಬ ಶಬ್ದ ಯಾರು ಸೇರಿಸಿದರೋ ತಿಳಿಯದು. ತೆಗೆಸಲು ನಾನೂ ಹೇಳಲಿಲ್ಲ.

ಆತನ ದೇಶ ಯಾವುದು? ಸವಣೂರಿನ ದೊಡ್ಡ ಹುಣಸೆಮರಗಳು ಆಫ್ರಿಕಾದಿಂದ ಬಂದವಂತೆ. ಮರವೇ ಬಂದಿರುವಾಗ ಮನುಷ್ಯ ಬರಬಾರದೇ? ಆಫ್ರಿಕಾ ಎಂದು ಬರೆದುಕೊಂಡೆ. ಮರುದಿನ ಚೀನಾ ಎಂದು ತಿದ್ದಿದೆ. ಅದಕ್ಕೂ ಅಷ್ಟೇ ಆಧಾರವಿತ್ತು.

ಮೊದಲ ಭೇಟಿಗೆ ಹೊರಟಾಗ ನನ್ನ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು ಎಚ್ಚರಿಸಿದಳು.

“ಗುರ್ತಿಲ್ಲದವರ ಮನ್ಯಾಗ ಏನೂ ತಿನ್ನಬ್ಯಾಡ್ರಿ. ಮದ್ದು ಗಿದ್ದು ಹಾಕಿರ್ತಾರ. ಆಮ್ಯಾಲೆ ಹೊಟ್ಟಿ ಹಿಡಕೊಂಡು ನನ್ನ ಮುಂದ ಅಳಬ್ಯಾಡ್ರಿ.”

ಮದ್ದು ಹಾಕುತ್ತಾರೆ ಎಂಬ ಮಾತಿಗೆ ನಾನು ತರಗತಿಯಲ್ಲಿ ಎಷ್ಟು ಸಲ ನಕ್ಕಿಲ್ಲ! ಆದರೆ ನಗುವುದು ಬೇರೆ, ಪರವೂರಲ್ಲಿ ಹೊಟ್ಟೆ ಹಿಡಿದುಕೊಳ್ಳುವುದು ಬೇರೆ.

ಚರ್ಚಿನ ಪಕ್ಕದ ಮನೆಯಲ್ಲಿದ್ದವಳು ಮಾರ್ಥವ್ವ. ಎಪ್ಪತ್ತು ದಾಟಿದ ಮುದುಕಿ, ಚರ್ಚಿನ ಕೀಲಿಕೈ ಆಕೆಯ ಸೊಂಟದಲ್ಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರ್ರಿ ನೀವು? ಸರ್ವೇದವ್ರೇನ್ರಿ? ಜಾಗಾ ಅಳ್ಯಾಕ ಬಂದೀರೇನು?”

“ಇಲ್ಲಮ್ಮ. ಈ ಸ್ಮಾರಕಶಿಲೆಯ ಚಾರಿತ್ರಿಕ ಹಿನ್ನೆಲೆಯನ್ನು ಪರಿಶೀಲಿಸುವ ಸಲುವಾಗಿ ಆಗಮಿಸಿದ್ದೇನೆ” ಎಂದೆ.

ಆಕೆಯ ಸಂಶಯ ಇಮ್ಮಡಿಯಾಯಿತು. ಭೂಗೋಳದ ಮಾಸ್ತರನೆಂದು ಹೇಳಿಕೊಂಡು, ಹಳೆಯ ದಾಖಲೆ ಪುಸ್ತಕ ಇದೆಯೇ ಎಂದು ಕೇಳಿದೆ. “ಇಲ್ರಿ” ಎಂದಳು. ಹಾಗೆನ್ನುವಾಗ ಆಕೆಯ ಕಣ್ಣು ಮೂಲೆಯ ಟ್ರಂಕಿನ ಕಡೆ ಹೋಗಿ ಬಂತು. ಈಗ ನನ್ನ ಸಂಶಯ ಇಮ್ಮಡಿಯಾಯಿತು!

ಹೊರಡುವಾಗ ಆಕೆ ಒಳಗೆ ಹೋಗಿ ಎಲೆಯಲ್ಲಿ ಸುತ್ತಿದ ಒಂದು ರೊಟ್ಟಿ ತಂದು ಕೊಟ್ಟಳು. “ತಿನ್ರಿ ಮಾಸ್ತರ. ವರ್ಷಕ್ಕ ಒಮ್ಮಿ ಮಾಡೂದು. ಬಂದವರಿಗೆ ಕೊಡದ ಕಳಸಬಾರದು.”

ಗೋಧಿಯ ದಪ್ಪ ರೊಟ್ಟಿ, ಅಂಚು ಕಪ್ಪಗೆ ಸೀದಿತ್ತು. ಬಡೇಸೋಪಿನ ವಾಸನೆ, ಬೆಲ್ಲದ ವಾಸನೆ, ಅದರ ಹಿಂದೆ ಗುರುತು ಹತ್ತದ ಇನ್ನೊಂದು ಹುಳಿ ವಾಸನೆ. ವರ್ಷಕ್ಕೊಮ್ಮೆ ಮಾಡುವ ರೊಟ್ಟಿ, ನಾನು ಬಂದ ದಿನವೇ! ನನಗೆ ನೀಲವ್ವನ ಮಾತು ನೆನಪಾಯಿತು. ನಗುತ್ತ ತೆಗೆದುಕೊಂಡೆ, ಚರ್ಚಿನ ಹಿಂದೆ ಹೋದೆ, ಅಲ್ಲಿದ್ದ ಕಂದು ನಾಯಿಗೆ ಪೂರ್ತಿ ಹಾಕಿದೆ. ಹಾಕಿ ಸುಮ್ಮನಾದೆನೇ? ಗಡಿಯಾರ ಹಿಡಿದು ಅರ್ಧ ಗಂಟೆ ಅದರ ಎದುರು ಕುಳಿತು, ಸಾಯುತ್ತದೋ ಇಲ್ಲವೋ ಎಂದು ಪರೀಕ್ಷಿಸಿದೆ. ನಾಯಿ ಸಾಯಲಿಲ್ಲ. ಬಾಲ ಅಲ್ಲಾಡಿಸಿ ಇನ್ನೊಂದು ಕೇಳಿತು.

ಎರಡನೇ ಭೇಟಿಗೆ ಪೂರ್ಣ ಸಿದ್ಧತೆ ಮಾಡಿಕೊಂಡೆ. ಪಾಚಿ ಸಡಿಲಾಗಲು ಹುಳಿ ಬೇಕು, ಆರು ನಿಂಬೆಹಣ್ಣು ತೆಗೆದುಕೊಂಡೆ. ಕೊರೆದ ಅಕ್ಷರ ಎದ್ದು ಕಾಣಲು ಪುಡಿ ಬೇಕು, ಅರಿಶಿನ ಕಟ್ಟಿಕೊಂಡೆ. ತಿಕ್ಕಲು ನಾರು ಬೇಕಲ್ಲ, ಜುಟ್ಟಿನ ಸಮೇತ ತೆಂಗಿನಕಾಯಿ ಇಟ್ಟುಕೊಂಡೆ. ಕೆರೆಯಲು ಒಂದು ಕುರ್ಪಿ, ಅಳೆಯಲು ಟೇಪು.

“ಇವತ್ತ ಅಮಾಸಿ ಐತ್ರಿ,” ಎಂದಳು ನೀಲವ್ವ. “ನಾಳೆ ಹೋಗ್ರಿ.”

“ಇತಿಹಾಸಕ್ಕೆ ಅಮಾವಾಸ್ಯೆ ಹುಣ್ಣಿಮೆ ಇಲ್ಲ!” ಎಂದೆ. ಒಳ್ಳೆಯ ಮಾತು. ಭಾಷಣದಲ್ಲೂ ಬಳಸಬೇಕೆಂದು ಬಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡೆ.

ಮಟಮಟ ಮಧ್ಯಾಹ್ನ. ಕಲ್ಲಿನ ಮೇಲೆ ನಿಂಬೆಹಣ್ಣು ಕೊಯ್ದು ಹಿಂಡಿದೆ. ಅರಿಶಿನ ಉದುರಿಸಿದೆ. ಕಾಯಿಯ ನಾರು ಕಿತ್ತು ತಿಕ್ಕಿದೆ. ಅಕ್ಷರ ಓದಲು ಮೊಣಕಾಲೂರಿ, ಬಾಯಲ್ಲಿ ಒಂದೊಂದೇ ಅಕ್ಷರ ಗೊಣಗುತ್ತಿದ್ದೆ. ತಲೆಯೆತ್ತಿದರೆ ಸುತ್ತಲೂ ಮೂವತ್ತು ಜನ!

ಮುಂದೆ ನಿಂತಿದ್ದವನು ಊರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬ. ಅವನು ನನ್ನ ಚೀಲ ಎತ್ತಿ ಒಂದೊಂದೇ ಸಾಮಾನು ಹೊರಗಿಟ್ಟ. ಅವನು ಇಡುತ್ತಾ ಹೋದ ಹಾಗೆ ಆ ಸಾಮಾನುಗಳಿಗೆ ಬೇರೆಯೇ ಅರ್ಥವೊಂದು ಇದೆಯೆಂದು ನನಗೂ ಹೊಳೆಯತೊಡಗಿತು. ನಿಂಬೆಹಣ್ಣು. ಅರಿಶಿನ. ಜುಟ್ಟಿನ ಕಾಯಿ. ಕುರ್ಪಿ. ಅಮಾವಾಸ್ಯೆ. ಸಮಾಧಿ.

“ನಿಧಿ ತಗ್ಯಾಕ ಬಂದೀರೇನ್ರಿ ಸಾಹೇಬ್ರ?” ಎಂದ ಖಾದರಸಾಬ, ಬಹಳ ಮರ್ಯಾದೆಯಿಂದ.

“ಇಲ್ಲ! ನಾನು ಈ ಮೃತ ವ್ಯಕ್ತಿಯನ್ನು ಹೊರಗೆ ತರಲು ಪ್ರಯತ್ನಿಸುತ್ತಿದ್ದೇನೆ!” ಎಂದೆ.

ಬೆಳಕಿಗೆ ತರಲು ಎಂದು ಹೇಳಬೇಕಿತ್ತು. ಗಾಬರಿಯಲ್ಲಿ ಹೀಗಾಯಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು, ಗಂಡಸರು ನಾಲ್ಕು ಹೆಜ್ಜೆ ಮುಂದೆ ಬಂದರು. ಯಾರೋ ಪೊಲೀಸರಿಗೆ ಫೋನ್ ಹಚ್ಚಲು ಹೊರಟರು. ನಾನು ಕಿಸೆಯಿಂದ ಆಮಂತ್ರಣ ಪತ್ರಿಕೆ ತೆಗೆದು ತೋರಿಸಿದೆ. ಖಾದರಸಾಬ ಫೋಟೋ ನೋಡಿದ, ನನ್ನನ್ನು ನೋಡಿದ. “ಇದು ಇವರದಲ್ಲ ಬಿಡ್ರಿ” ಎಂದ. ಅದು ಇಪ್ಪತ್ತು ವರ್ಷದ ಹಿಂದಿನ ಫೋಟೋ ಆಗಿತ್ತು.

ಆಗ ಮಾರ್ಥವ್ವ ಗುಂಪು ಸರಿಸಿಕೊಂಡು ಬಂದಳು. ಎಲ್ಲ ನೋಡಿದಳು. ನನ್ನ ಜೀವ ಆಕೆಯ ಬಾಯಲ್ಲಿತ್ತು.

“ಬಿಡ್ರಿ ಅವರನ್ನ,” ಎಂದಳು. “ಹ್ವಾದ ವಾರ ಅಜ್ಜನ ದಿನಾ ಬಂದು ಅಜ್ಜನ ರೊಟ್ಟಿ ತಿಂದು ಹೋಗ್ಯಾರ. ಆ ರೊಟ್ಟಿ ತಿಂದವರು ಈ ಕಲ್ಲಿಗೆ ಕೆಟ್ಟದ್ದು ಮಾಡೂದಿಲ್ಲ.”

ಜನ ಆ ಒಂದೇ ಮಾತಿಗೆ ಕರಗಿದರು. ಖಾದರಸಾಬ ನನ್ನ ಚೀಲ ತುಂಬಿ ಕೊಟ್ಟು, ಮೇಲೆ ಒಂದು ಕವಳಿ ಎಲೆಯನ್ನೂ ಇಟ್ಟ. ನಾನು ಮಾತ್ರ ಬೆವರುತ್ತಲೇ ಇದ್ದೆ.

ಮನೆಯೊಳಗೆ ಕೂಡ್ರಿಸಿ ಚಹಾ ಕೊಟ್ಟು, ಮಾರ್ಥವ್ವ ತಾನಾಗಿಯೇ ಟ್ರಂಕು ತೆರೆದಳು. ಜಾಗ ಕಸಿಯಲು ಬಂದವನೆಂಬ ಭಯದಿಂದ ಮೊದಲು ಬಚ್ಚಿಟ್ಟಿದ್ದಳಂತೆ. ಹುಳ ತಿಂದ ಪುಸ್ತಕದಲ್ಲಿ ಒಂದೇ ಸಾಲು: ‘ಥಾಮಸ್. ಅಡಿಗೆಯವನು.’ ಹುಟ್ಟಿದ ದೇಶದ ಅಂಕಣದಲ್ಲಿ ಒಂದು ಗೀಟು.

“ನಮ್ಮ ಆಯಿಗೆ, ಅಂದ್ರ ನಮ್ಮವ್ವನ ಅವ್ವಗ, ಅಜ್ಜ ಅವ. ಸಣ್ಣಾವಿದ್ದಾಗ ಒಬ್ಬ ಬಿಳಿ ದೊರಿ ಹಡಗಿನ್ಯಾಗ ಹಾಕ್ಕೊಂಡು ಬಂದಿದ್ನಂತ. ದೊರಿ ಹೊಳ್ಳಿ ಹ್ವಾದಾಗ ಇವ ಹೋಗಲಿಲ್ಲ, ಇಲ್ಲೇ ಲಗ್ನಾ ಮಾಡಿಕೊಂಡ. ತನ್ನ ಊರು ಯಾವುದು ಅಂತ ಅವಗ ಗೊತ್ತಿರಲಿಲ್ಲ ನೋಡ್ರಿ. ಅವ್ವನ ಹೆಸರೂ ಗೊತ್ತಿರಲಿಲ್ಲ. ಅವ್ವ ಮಾಡ್ತಿದ್ದ ರೊಟ್ಟಿ ರುಚಿ ಒಂದ ನೆನಪಿತ್ತಂತ. ಹತ್ತಾರು ಸಲ ಮಾಡಿ ಮಾಡಿ, ಕಡೀಕ ಒಮ್ಮಿ ಹಂಗ ಆದಾಗ, ‘ಹಿಂಗ ಇತ್ತು’ ಅಂತ ಅತ್ತನಂತ. ಅದನ್ನ ನಾವು ಅವ ಸತ್ತ ದಿನಾ ಮಾಡ್ಕೊಂತ ಬಂದೇವಿ.”

ನಾನು ಚಹಾದ ಬಸಿಯನ್ನು ನೆಲಕ್ಕಿಟ್ಟೆ.

ಆಕೆ ಹತ್ತಿರ ಬಂದು ಕುಳಿತಳು. “ನಮಗ ಹೊರಗಿನ ಜಗತ್ತು ಗೊತ್ತಿಲ್ಲ. ನೀವು ಭೂಗೋಳದ ಮಾಸ್ತರು ಅಂದ್ರಿ. ಅದಕ್ಕ ಅವತ್ತ ಮಾಡಿದ ಎರಡು ರೊಟ್ಟ್ಯಾಗ ದೊಡ್ಡದು ನಿಮಗ ಕೊಟ್ಟೆ. ಹೇಳ್ರಿ, ಆ ರುಚಿ ಯಾವ ಸೀಮೀದು? ನಾ ಸಾಯೂದ್ರಾಗ ಅಜ್ಜನ ಊರು ತಿಳೀಬೇಕು ಅಂತ ಆಸೆ ಐತ್ರಿ.”

ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಉತ್ತರ ಬಾರದೆ ನಿಲ್ಲುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಅಷ್ಟರಲ್ಲಿ ಕಂದು ನಾಯಿ ಒಳಗೆ ಬಂದು ನೇರ ನನ್ನ ಕಾಲ ಬಳಿ ಕುಳಿತು, ಮುಖ ನೋಡುತ್ತ ಬಾಲ ಅಲ್ಲಾಡಿಸಿತು.

“ಇದು ಯಾರ ಹಂತ್ಯಾಕೂ ಹೋಗೂದಿಲ್ಲ,” ಎಂದಳು ಮಾರ್ಥವ್ವ. ನಾಯಿಯನ್ನು ನೋಡಿದಳು. ನನ್ನನ್ನು ನೋಡಿದಳು. “ನಿಮ್ಮ ಗುರ್ತು ಇದಕ್ಕ ಹ್ಯಾಂಗಾತು?”

ಒಪ್ಪಿಕೊಂಡೆ. ಗಡಿಯಾರ ಹಿಡಿದು ಕುಳಿತದ್ದನ್ನೂ ಹೇಳಿಬಿಟ್ಟೆ. ಆಕೆ ಪುಸ್ತಕ ಮುಚ್ಚಿ ಸೆರಗಿನಿಂದ ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಹೇಳಿದಳು: “ಬರೂ ವರ್ಷ ಬರ್ರಿ. ಆದರ ನನ್ನ ಮುಂದ ಕುಂತು ತಿನ್ನಬೇಕು.”

ಮನೆಗೆ ಬಂದು ನೀಲವ್ವನಿಗೆ ಎಲ್ಲ ಹೇಳಿದೆ. ತಪ್ಪಿನಲ್ಲಿ ಆಕೆಗೂ ಪಾಲು ಕೊಡೋಣವೆಂದು, “ನೀನೇ ತಿನ್ನಬ್ಯಾಡ ಅಂದಿದ್ದಿ” ಎಂದೆ.

“ಲಗ್ನ ಆದಾಗಿಂದ ನೂರಾಎಂಟು ಮಾತು ಹೇಳೇನಿ,” ಎಂದಳು. “ಇದೊಂದ ಕೇಳ್ಬೇಕಿತ್ತೇನ್ರಿ?”

ಭಾನುವಾರ ವೇದಿಕೆ ಹತ್ತಿದೆ. ‘ಸಂಪೂರ್ಣ ಜೀವನ ಶೋಧ’ದ ಹೆಸರಿನಲ್ಲಿ ಪಾಚಿಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಸಭಿಕರಿಂದ ಬಂದದ್ದು ಒಂದೇ ಪ್ರಶ್ನೆ: “ಸರ್, ಆ ಮನುಷ್ಯಾ ಯಾವ ದೇಶದಾವ?”

ಆ ರೊಟ್ಟಿ ತಿಂದು ಅದನ್ನು ಬಲ್ಲ ಒಂದು ಜೀವ ಸವಣೂರಿನ ದಾರಿಯಲ್ಲಿ ಬಾಲ ಅಲ್ಲಾಡಿಸುತ್ತ ಮಲಗಿದೆ ಎಂದು ಹೇಗೆ ಹೇಳಲಿ? ಸಂಶೋಧನೆ ಮುಂದುವರಿದಿದೆ ಎಂದು ಹೇಳಿ ಕೆಳಗಿಳಿದೆ. ಶಾಲನ್ನು ಮಡಚಿ ಇಟ್ಟಿದ್ದೇನೆ. ಬರುವ ವರ್ಷ ರೊಟ್ಟಿ ತಿನ್ನಲು ಹೋಗುವಾಗ ಒಯ್ದು ಆ ನಾಯಿಗೆ ಹೊದಿಸಬೇಕು. ನ್ಯಾಯವಾಗಿ ಅದು ಅದರದೇ.