ಜಾಡಿಗೆ ಕಿವಿಯಿಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ. ಆದರೂ ಹುಲಿಕುಂಟೆ ಕಡೆಯ ಅವರ ಮನೆಗೆ ಹೋದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಜಾಡಿ ತುಂಬ ವೈನು! ಕುಡಿಯದ ಮನುಷ್ಯನಿಗೆ ಅದು ಹದವಾಗಿದೆಯೋ ಹಾಳಾಗಿದೆಯೋ ಗೊತ್ತಾಗುವುದು ಹೇಗೆ ಅಂತೀರಾ? ಕಿವಿಯಿಂದ! ಚಾಪೆ ಹಾಸಿ, ಮಂಡಿಯೂರಿ, ಜಾಡಿಯ ಹೊಟ್ಟೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಾರೆ. ಹೆರಿಗೆ ಡಾಕ್ಟರೂ ಅಷ್ಟು ಶ್ರದ್ಧೆಯಿಂದ ಕೇಳಿರಲಾರರು.

ಆ ಹೊತ್ತಿನಲ್ಲಿ ಮಿಕ್ಸಿ ಹಾಕುವಂತಿಲ್ಲ, ಕೆಮ್ಮುವಂತಿಲ್ಲ. ಒಮ್ಮೆ ಬೀದಿಯಲ್ಲಿ ಸೊಪ್ಪು ಮಾರುವವಳಿಗೆ ನಾನೇ ಹೋಗಿ, "ವಸಿ ಸುಮ್ಕಿರಮ್ಮ, ಒಳಗೆ ಕೇಳ್ತಾವ್ರೆ" ಅಂದಿದ್ದೆ. ಅವಳು ಬುಟ್ಟಿ ಇಳಿಸಿ, ದನಿ ತಗ್ಗಿಸಿ ಕೇಳಿದಳು: "ಏನವ್ವಾ, ಹಲ್ಲಿ ಶಕುನವಾ?"

ಈ ವಿದ್ಯೆ ಚಿಕ್ಕಪ್ಪನಿಗೆ ಬಂದದ್ದು ಗೇಟಿನಲ್ಲಿ. ನಂದಿ ಬೆಟ್ಟದ ಕಡೆ, ವೈನು ಮಾಡುವವರ ದ್ರಾಕ್ಷಿ ತೋಟದಲ್ಲಿ ಬಹಳ ವರ್ಷ ವಾಚ್‌ಮನ್ ಆಗಿದ್ದರು. ನೋಡಲು ಬಂದವರಿಗೆ ಅಲ್ಲಿನವರು ವಿವರಿಸುತ್ತಿದ್ದುದನ್ನು ಅರ್ಧ ಕೇಳಿಸಿಕೊಂಡು, ಇನ್ನರ್ಧ ತಾವೇ ಸೇರಿಸಿಕೊಂಡರು. ಕೆಲಸ ಬಿಟ್ಟು ಬರುವಾಗ ಒಂದು ದ್ರಾಕ್ಷಿ ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ತಾವು ನಿಂತುಕೊಂಡೇ ಬಂದರು. "ಇದಕ್ಕೂ ಟಿಕೆಟ್ ತಗಳ್ಳಿ ಯಜಮಾನ್ರೇ" ಅಂದ ಕಂಡಕ್ಟರಿಗೆ ಇವರ ಉತ್ತರ: "ಇನ್ನೂ ಎರಡೆಲೆ ಕಣಪ್ಪಾ. ಹಾಫ್ ಟಿಕೆಟ್ ಆಗಲ್ವಾ?"

ಅವರ ಗಂಟಲೂ ಗೇಟಿನದೇ. ಫೋನಿನಲ್ಲಿ ಅವರು ಮಾತಾಡಿದರೆ ಮಧುಗಿರಿಯಲ್ಲಿರುವ ನನಗೆ ಫೋನೇ ಬೇಡ! ಟೀವಿ ಹಚ್ಚಿದರೆ ಬೀದಿಗೆಲ್ಲ ಪುಕ್ಕಟೆ ವಾರ್ತೆ.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ರಜೆಯಲ್ಲಿ ಕೂಲಿಗೆ ಕಡಲೆಕಾಯಿ ಬಿಡಿಸಿ, ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಓದಿ ಪಡೆದದ್ದು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ರಿಸಲ್ಟ್ ಬಂದ ದಿನದಿಂದ ಚಿಕ್ಕಪ್ಪ ನನ್ನ ಹೆಸರನ್ನೇ ಬಿಟ್ಟುಬಿಟ್ಟರು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ "ಲೇ ಬಿಎಸ್ಸಿ!" ಎಂದು ಕೂಗಿದರೆ ಅಲ್ಲಿದ್ದವರೆಲ್ಲ ನನ್ನತ್ತ ತಿರುಗುತ್ತಾರೆ. ನಿಜ ಹೇಳಲಾ? ಮೊದಲ ಕೂಗಿಗೆ ನಾನು ಓಗೊಡುವುದಿಲ್ಲ. ಇನ್ನೊಂದು ಸಲ ಕೂಗಲಿ ಅಂತ!

ಚಿಕ್ಕಪ್ಪನ ವೈನಿನ ಶಾಸ್ತ್ರ ಬಹಳ ಸುಲಭ: ಏನೂ ಹಾಕಬಾರದು. ಸಕ್ಕರೆ ಬೇಡ, ಅಂಗಡಿಯ ಈಸ್ಟ್ ಬೇಡ, ಕೆಡದಂತೆ ತಡೆಯುವ ಪುಡಿಯೂ ಬೇಡ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿ ಸವರಿದ ಹಾಗೆ ಕಾಣುತ್ತದಲ್ಲ, ಕಣ್ಣಿಗೆ ಕಾಣದ ಕಾಡು ಈಸ್ಟ್ ಅಲ್ಲೇ ಮನೆ ಮಾಡಿಕೊಂಡಿರುತ್ತದೆ. ಹಣ್ಣು ಹಿಸುಕಿದರೆ ಅದು ರಸಕ್ಕಿಳಿದು, ಸಿಹಿಯನ್ನು ತಿಂದು, ಗುಳ್ಳೆ ಬಿಡುತ್ತಾ ವೈನು ಮಾಡುತ್ತದೆ. ದೋಸೆ ಹಿಟ್ಟಿಗೆ ನಾವೇನು ಹಾಕುತ್ತೇವೆ ಹೇಳಿ? ರುಬ್ಬಿಟ್ಟರೆ ಬೆಳಗ್ಗೆ ತಾನಾಗಿ ಉಬ್ಬಿರುವುದಿಲ್ಲವೇ? ಇದೂ ಹಾಗೇ. ತೇಲಿ ಬಂದ ಸಿಪ್ಪೆಯನ್ನು ದಿನಾ ಕೆಳಗೆ ಒತ್ತಬೇಕು. ಬಣ್ಣ ಇಳಿದ ಮೇಲೆ ಬಟ್ಟೆಯಲ್ಲಿ ಹಿಂಡಿ, ಜಾಡಿಗೆ ತುಂಬಿ, ಒಳಗಿನ ಗಾಳಿ ಹೊರಹೋಗುವಷ್ಟು ಸಡಿಲವಾಗಿ ಮುಚ್ಚಬೇಕು. ಆಮೇಲೆ ತೆರೆದು ನೋಡುವಂತಿಲ್ಲ. ಹೊರಗಿನ ಗಾಳಿ ಹೊಕ್ಕರೆ ವೈನು ಹೋಗಿ ವಿನೆಗರ್! ಅದಕ್ಕೇ ಕಿವಿ. ಒಳಗೆ ಸದ್ದಿದ್ದರೆ ಜೀವ ಇದೆ ಅಂತ ಲೆಕ್ಕ.

ಇಷ್ಟು ಸುಲಭದ ಶಾಸ್ತ್ರಕ್ಕೆ ಒಬ್ಬರೇ ಶತ್ರು: ಚಿಕ್ಕಮ್ಮ. ಚಿಕ್ಕಮ್ಮನಷ್ಟು ಶುಚಿಯ ಹೆಂಗಸು ನಮ್ಮ ತಾಲ್ಲೂಕಿನಲ್ಲಿಲ್ಲ. ದುಡ್ಡು ಮುಟ್ಟಿದರೆ ಕೈ ತೊಳೆಯುತ್ತಾರೆ, ಬಾಗಿಲು ಮುಟ್ಟಿದರೆ ಕೈ ತೊಳೆಯುತ್ತಾರೆ, ಸೋಪು ಮುಟ್ಟಿದ್ದಕ್ಕೂ ಇನ್ನೊಂದು ಸಲ ತೊಳೆಯುತ್ತಾರೆ! ಬಳ್ಳಿ ಮೊದಲ ಸಲ ಬುಟ್ಟಿ ತುಂಬ ಹಣ್ಣು ಕೊಟ್ಟಾಗ, ಚಿಕ್ಕಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ, ಉಪ್ಪು ಅರಿಶಿನ ಹಾಕಿದ ಬಿಸಿನೀರಿನಲ್ಲಿ ಒಂದೊಂದೇ ಹಣ್ಣನ್ನು ತಿಕ್ಕಿ ತೊಳೆದಿಟ್ಟಿದ್ದರು. ಪಳಪಳ ಹೊಳೆಯುತ್ತಿತ್ತು.

"ಅಯ್ಯೋ, ಎಲ್ಲಾ ತೊಳ್ದಾಕ್ಬುಟ್ಯಲ್ಲೇ!"

"ಇನ್ನೇನ್ ಮತ್ತೆ? ಕಾಗೆ ಗುಬ್ಬಿ ಕೂತಿದ್ದನ್ನ ಅಂಗೇ ಹಿಸುಕ್ತಾರಾ? ಜನ ಏನಂತಾರೆ?"

ಆ ವರ್ಷ ಜಾಡಿಯಲ್ಲಿ ಬೂಷ್ಟು ಬೆಳೆಯಿತು, ವೈನಾಗಲಿಲ್ಲ. ಚಿಕ್ಕಪ್ಪ ಜಾಡಿಯ ಮುಂದೆ ಸೂತಕದ ಮನೆಯವರಂತೆ ಕೂತಿದ್ದರು.

ಮುಂದಿನ ಸಲ ಹಣ್ಣನ್ನು ಚಿಕ್ಕಮ್ಮನ ಕೈಗೆ ಸಿಗದಂತೆ ಕಾದು ವೈನು ಮಾಡಿದರು. ರುಚಿ ನೋಡಲು ವೈ.ಎನ್.ಹೊಸಕೋಟೆಯಿಂದ ಚಿಕ್ಕಮ್ಮನ ತಮ್ಮನನ್ನು ಕರೆಸಿದರು. ಆತ ಒಂದು ಗುಟುಕು ಕುಡಿದು, ಒಂದು ಕಣ್ಣು ಮುಚ್ಚಿ, ಭುಜ ಕುಣಿಸಿ, ತನ್ನೂರಿನ ತೆಲುಗು ಬೆರೆಸಿ ಕೇಳಿದ:

"ಏಂ ಬಾವಾ, ಇದು ವೈನಾ, ಹುಣಸೆಹಣ್ಣಿನ ನೀರಾ? ಕಿಕ್ಕೇ ಲೇದು ಕದಾ!"

"ಕಿಕ್ ಬೇಕಾ? ಹಿತ್ತಲಲ್ಲಿ ಎಮ್ಮೆ ಐತೆ, ಹಿಂದ್ಗಡೆ ಹೋಗಿ ನಿಂತ್ಕೋ ಹೋಗು!"

ನಾನೂ ನಾಲಿಗೆಗೆ ಮುಟ್ಟಿಸಿ ನೋಡಿದೆ. ಹುಳಿಯೇನೋ ಹುಳಿ. ಆದರೆ ಹುಳಿಯ ಹಿಂದೆ ಹಣ್ಣಿನ ಪರಿಮಳ ಸಣ್ಣಗೆ ಇಣುಕುತ್ತಿತ್ತು. ಹಾಗೆಂದಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು!

ಚಿಕ್ಕಮ್ಮ ಮಾತ್ರ ಕರಗಲಿಲ್ಲ. ಬಳ್ಳಿಯ ಚಪ್ಪರ ಅಂಗಳವನ್ನೆಲ್ಲ ನುಂಗಿಹಾಕಿತ್ತು. ಕಡಲೆಕಾಯಿ ಒಣಗಿಸಲು ಬಿಸಿಲೇ ಇರಲಿಲ್ಲ. "ಇನ್ನೊಂದ್ ಸಲ ಜಾಡಿ ಕೆಟ್ರೆ ಬಳ್ಳಿ ಕಡೀಬೇಕು, ನೋಡಿ" ಎಂದು ತಮ್ಮನೆದುರೇ ಷರತ್ತು ಹಾಕಿದರು. ಚಿಕ್ಕಪ್ಪ ಎದೆ ಮುಟ್ಟಿಕೊಂಡು ಒಪ್ಪಿದರು. "ಕೆಟ್ರೆ ನಾನೇ ಕಡೀತೀನಿ ಕಣೇ!"

ಈ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಒಂದು ಭಾನುವಾರ ಚಿಕ್ಕಮ್ಮನ ಫೋನು ಬಂತು.

"ಬೇಗ ಬಾರಮ್ಮ. ನಿಮ್ಮ ಚಿಕ್ಕಪ್ಪ ಮಚ್ಚು ಮಸೀತಾವ್ರೆ."

ಸಿಕ್ಕ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಚಿಕ್ಕಪ್ಪ ಬಳ್ಳಿಯ ಬುಡಕ್ಕೆ ಮುಖ ಮಾಡಿ ಜಗಲಿಯ ಮೇಲೆ ಕೂತಿದ್ದರು. ಮಚ್ಚು ತೊಡೆಯ ಮೇಲಿತ್ತು.

"ಸತ್ತೋಯ್ತು ಕಣಮ್ಮ ಬಿಎಸ್ಸಿ" ಎಂದರು. "ಹಿಂಡಿ ತುಂಬಿಟ್ಟಾಗಿಂದ ಒಂದ್ ಸದ್ದಿಲ್ಲ. ಒಂದ್ ಹಣ್ಣನ್ನೂ ತೊಳೆದಿಲ್ಲ, ಏನೂ ಹಾಕಿಲ್ಲ. ಆದ್ರೂ ಸತ್ತೋಯ್ತು. ಕೊಟ್ಟ ಮಾತು, ಕಡಿಯೋದೇ ಸೈ."

ಒಳಗೆ ಟೀವಿ ಅರಚುತ್ತಿತ್ತು. ಅದನ್ನು ಆರಿಸಿ, ಚಾಪೆಯ ಮೇಲೆ ಮಂಡಿಯೂರಿ, ಜಾಡಿಗೆ ಕಿವಿ ಹಚ್ಚಿದೆ.

ಕಾದ ಎಣ್ಣೆಗೆ ಸಂಡಿಗೆ ಬಿಟ್ಟಂಥ ಸದ್ದು! ಸುಯ್ಯೆನ್ನುವುದು, ನಡುನಡುವೆ ಟಪ್, ಟಪ್ ಎಂದು ಗುಳ್ಳೆ ಒಡೆಯುವುದು. ಜಾಡಿಯ ಹೊಟ್ಟೆಯಲ್ಲಿ ಸಂತೆಯೇ ನೆರೆದಿತ್ತು. ಎಷ್ಟು ಜೋರೆಂದರೆ, ಕಿವಿ ತೆಗೆದ ಮೇಲೂ ಕೇಳುತ್ತಿತ್ತು.

ಸಂತೋಷದಿಂದ ಕೂಗಬೇಕೆಂದು ತಿರುಗಿದೆ. ಬಾಗಿಲಾಚೆ, ಆರಿಸಿದ ಟೀವಿ ಎದುರಿಗಿತ್ತು. ಆ ಗಂಟಲು, ಆ ಫೋನು... ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಸದ್ದು ನಿಂತದ್ದು ಜಾಡಿಯಲ್ಲಿ ಅಲ್ಲ.

ಚಿಕ್ಕಮ್ಮ ದೋಸೆ ಹಿಟ್ಟು ಕಲಸುತ್ತಿದ್ದವರು ಎದ್ದು ಬಂದರು. ನನ್ನ ಮುಖ ನೋಡಿದರು. ಅಷ್ಟು ವರ್ಷ ನಾರುತ್ತದೆಂದು ದೂರವಿಟ್ಟ ಜಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ತಾವೂ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

ಆಮೇಲೆ ಜಗಲಿಗೆ ಹೋದರು. "ಮಾತಾಡ್ತಾ ಐತೆ" ಎಂದು ಬೆನ್ನ ಹಿಂದೆ ನಿಂತು ಹೇಳಿದರು. ಚಿಕ್ಕಪ್ಪ ಬಳ್ಳಿಯನ್ನೇ ನೋಡುತ್ತಿದ್ದರು. ಚಿಕ್ಕಮ್ಮ ಸುತ್ತಿ ಬಂದು ಎದುರಿಗೆ ಕೂತರು. ಮಚ್ಚನ್ನು ಎತ್ತಿ ಪಕ್ಕಕ್ಕಿಟ್ಟರು. ಚಿಕ್ಕಪ್ಪನ ಕೈ ಎಳೆದುಕೊಂಡು, ಅಂಗೈ ಬಿಡಿಸಿ, ಅದರ ಮೇಲೆ ಬೆರಳ ತುದಿಯಿಂದ ಟಪ್, ಟಪ್ ಎಂದು ಬಡಿಯತೊಡಗಿದರು. ಜಾಡಿಯೊಳಗಿನ ಅದೇ ಲಯ.

ಚಿಕ್ಕಪ್ಪ ಅಂಗೈಯನ್ನು ನೋಡಿದರು. ಚಿಕ್ಕಮ್ಮನನ್ನು ನೋಡಿದರು.

"ಅಷ್ಟ್ ಜೋರಾಗಾ?" ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಚಿಕ್ಕಮ್ಮನ ಬೆರಳು ಇನ್ನಷ್ಟು ಬಿರುಸಾಯಿತು. ದೋಸೆ ಹಿಟ್ಟು ಇಬ್ಬರ ಕೈಗೂ ಮೆತ್ತಿಕೊಂಡಿತ್ತು. ನೀರಿನ ಚೊಂಬು ಪಕ್ಕದಲ್ಲೇ ಇತ್ತು. ಚಿಕ್ಕಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ.