ತೋರಣದ ಪುಟ, ದೀಪದ ಪುಟ

ಚಿಕ್ಕಬಸಪ್ಪನವರು ಹಾಲಿನ ಸಂಘದ ಅಧ್ಯಕ್ಷರಾದ ಸುದ್ದಿಯನ್ನು ಊರಿನ ವೆಬ್‌ಸೈಟಿಗೆ ಏರಿಸುವಾಗ ವೃಷಭೇಂದ್ರನ ಕೈ ಒಂದೇ ಒಂದು ಸಾಲು ಕೆಳಗೆ ಜಾರಿತು. ತಾಳವಾಡಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಅವನು ಪುಟಗಳಿಗೆ ಎರಡು ಟೆಂಪ್ಲೇಟು ಮಾಡಿಟ್ಟಿದ್ದ. ಶುಭಸುದ್ದಿಗೆ ಬಾಳೆಕಂದು, ತೋರಣ. ಅದರ ಕೆಳಗಿನ ಸಾಲಿನಲ್ಲಿ ಸಾವಿನ ಸುದ್ದಿಗೆ ಕಪ್ಪು ಅಂಚು, ದೀಪ.

ಬೆಳಗ್ಗೆ ಬಾಗಿಲು ತೆಗೆಯಲು ಬಂದರೆ ಚಿಕ್ಕಬಸಪ್ಪನವರೇ ಮೆಟ್ಟಿಲ ಮೇಲೆ ಕುಳಿತಿದ್ದರು. ಕೊರಳ ತುಂಬ ಹಾರ.

"ಏನ್ ದೊಡ್ಡಪ್ಪ, ಬೆಳಬೆಳಗ್ಗೇನೇ ಸನ್ಮಾನ್ವಾ?"

"ಸನ್ಮಾನ ಅಲ್ಲ ಕಣ್ಲಾ, ನನ್ ಎಣಕ್ಕೆ ತಂದಿದ್ ಆರ! ನಿನ್ ನೆಟ್ನಲ್ಲಿ ದೀಪ ನೋಡ್ಬುಟ್ಟು ಚಾಮರಾಜನಗರದ ಬೀಗ್ರು ವ್ಯಾನ್ ಮಾಡ್ಕಂಡು ಮಣ್ಗೆ ಬಂದವ್ರೆ. ಬಾಗ್ಲು ತೆಗ್ದೋನು ನಾನೇ. ಬೀಗಿತ್ತಿ ಕಿಟಾರ್ ಅಂತ ಕಿರ್ಚ್ಕಂಡು ಬಿದ್ಬುಟ್ಲು!"

ವೃಷಭೇಂದ್ರ ಬೆವರುತ್ತ ಕಂಪ್ಯೂಟರ್ ಮುಂದೆ ಕುಳಿತ. ಪುಟಗಳು ಕಾಡಿಗೆ ಬಿಟ್ಟ ಆಡುಗಳಂತೆ ಚದುರಿದ್ದವು. ಹೆಸರಿನಿಂದ ಹುಡುಕೋಣವೆಂದರೆ ಪಟ್ಟಿಯಲ್ಲಿ ಕನ್ನಡವೆಲ್ಲ ಬರೀ ಪ್ರಶ್ನೆಗುರುತು. ಒಂದೊಂದೇ ತೆರೆದು ನೋಡಿದರೆ, ಒಂದು ಪುಟ ಬಿಚ್ಚಿಕೊಳ್ಳುವಷ್ಟರಲ್ಲಿ ಒಂದು ಮಡಕೆ ಹುರುಳಿ ಬೇಯುತ್ತಿತ್ತು.

ಪಕ್ಕದ ಜೆರಾಕ್ಸ್ ಅಂಗಡಿಯ ಸೌಮ್ಯ ಇಣುಕಿದಳು. "ದೀಪ ಇರೋ ಪುಟಗೋಳ್ನ ಮಾತ್ರ ತೋರ್ಸು ಅಂತ ಕೇಳಕ್ಕಾಗಲ್ವಾ?"

ಹುಡುಕಿದರೆ ಅಂಥದೊಂದು ಗುಂಡಿ ಇತ್ತು! ಒತ್ತಿದ. ದೀಪದ ಪುಟಗಳೆಲ್ಲ ಸಾಲಾಗಿ ನಿಂತವು. ಆದರೆ ಹೆಸರಿದ್ದ ಕಡೆಯೆಲ್ಲ ಮತ್ತದೇ ಪ್ರಶ್ನೆಗುರುತು.

"ಇದ್ರಲ್ಲಿ ನೀವ್ಯಾರು ಅಂತ ಗೊತ್ತಾಯ್ತಿಲ್ವಲ್ಲ ದೊಡ್ಡಪ್ಪ."

"ಯಾರಾದ್ರೇನ್ಲಾ, ಎಲ್ಲಕ್ಕೂ ತೋರಣ ಕಟ್ಬುಡು! ಬೀಗ್ರು ಕಾಪಿ ಕುಡ್ದು ಏಳಾದ್ರೊಳ್ಗೆ ನಾನು ಬದುಕ್ಬೇಕು!"

ವೃಷಭೇಂದ್ರ ಎಲ್ಲವನ್ನೂ ಒಟ್ಟಿಗೆ ಆರಿಸಿ ಒತ್ತಿಬಿಟ್ಟ. ಚಿಕ್ಕಬಸಪ್ಪನವರ ನಗುಮುಖದ ಮೇಲೆ ಮಾವಿನೆಲೆ ತೂಗಿತು. ಅವರು ನಿಟ್ಟುಸಿರು ಬಿಟ್ಟು, ಸಂತೋಷಕ್ಕೆ ಮೂವರಿಗೂ ಟೀ ತರಿಸಿದರು.

ಮಧ್ಯಾಹ್ನದವರೆಗೂ ಅವರು ಅಲ್ಲೇ ಕುಳಿತು, ಬಂದವರಿಗೆಲ್ಲ ತಮ್ಮ ಪುಟ ತೋರಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬೀದಿಯ ಶಿವಮಲ್ಲಮ್ಮ ಸೌಟು ಹಿಡಿದೇ ಒಳನುಗ್ಗಿದರು.

"ನನ್ ಗಂಡ ಸತ್ತು ವರ್ಸ ಆಯ್ತು. ಇವತ್ತು ನಿನ್ ನೆಟ್ನಲ್ಲಿ ತೋರಣ ಕಟ್ಕಂಡು ಊಟುಕ್ ಕರೀತಾವ್ನಂತೆ! ಗೆಟ್ಟವಾಡಿಯಿಂದ ಒಂದ್ ಟೆಂಪೋ ಜನ ಬಂದು ಜಗ್ಲಿ ಮ್ಯಾಲೆ ಕೂತವ್ರೆ. ಯಾರ್ಲಾ ಕರ್ದೋರು?"

ತೋರಣದ ಟೆಂಪ್ಲೇಟಿನ ತಳದಲ್ಲಿ ತಾನೇ ಬರೆದಿಟ್ಟಿದ್ದ ಸಾಲು ವೃಷಭೇಂದ್ರನಿಗೆ ಆಗ ನೆನಪಾಯಿತು: 'ಸರ್ವರೂ ಇಂದೇ ಕುಟುಂಬಸಮೇತ ಊಟಕ್ಕೆ ಬರಬೇಕು.'

ಚಿಕ್ಕಬಸಪ್ಪನವರ ಫೋನು ಬಡಿದುಕೊಂಡಿತು. ಹೆಂಡತಿಯ ಕೂಗು ಎಲ್ಲರಿಗೂ ಕೇಳಿಸಿತು. ಹಾಲಿನ ಸಂಘಕ್ಕೆ ಸಂಘವೇ ಮನೆ ಮುಂದೆ ಎಲೆ ಹಾಸಿಕೊಂಡು ಕುಳಿತಿತ್ತು.

"ಲೋ ವೃಷಭೇಂದ್ರ," ಅವರು ಫೋನನ್ನು ಅಂಗೈಯಿಂದ ಮುಚ್ಚಿದರು, "ನನ್ನ ತಿರ್ಗಾ ಸಾಯ್ಸ್ಬುಡ್ಲಾ!"

ವೃಷಭೇಂದ್ರ ಆತುರಾತುರವಾಗಿ ಮೌಸಿಗೆ ಕೈ ಹಾಕಿದ. ಕರೆಂಟು ಹೋಯಿತು.