ಬಾಗಿಲ ಮೇಲಿನ ಆನೆ, ಅಣ್ಣನ ಏರ್ ಸ್ಯಾಂಡರ್

ನಮ್ಮ ಶೆಡ್ಡಿನಲ್ಲಿ ಒಂದು ಕೆಲಸವಾದರೂ ಹೇಳಿದ ಹಾಗೆ ಮುಗಿದದ್ದು ನನಗೆ ನೆನಪಿಲ್ಲ. ಹೊಸೂರಿನಿಂದ ರಾಯಕೋಟೆಗೆ ಹೋಗೋ ರಸ್ತೆಯಲ್ಲಿ ನಾನೂ ನಮ್ಮಣ್ಣನೂ ಕಾರುಗಳ ಡೆಂಟ್ ತೆಗೆದು ಪೇಂಟ್ ಹೊಡೀತೀವಿ. ಅಣ್ಣ ಉಜ್ಜೋನು, ನಾನು ಬೈಸಿಕೊಳ್ಳೋನು. ನಗೋ ಸಂಗತಿ ಬೇಕಾದಷ್ಟಿವೆ. ಆದರೆ ಒಂದು ಕಾರಿನ ಕಥೆ ಹೇಳುವಾಗ ಮಾತ್ರ ನಗ್ತಾ ನಗ್ತಾನೇ ಅಳೂ ಬರುತ್ತೆ.

ಆನೆ ಬಂತು

ಉದ್ದನಪಲ್ಲಿಯ ರಿಟೈರಾದ ಮೇಷ್ಟ್ರೊಬ್ಬರು ತಮ್ಮ ಹಳೇ ಕಾರು ತಂದರು. "ಪೂರ್ತಿ ಪೇಂಟ್ ಮಾಡಪ್ಪ. ಈ ಬಾಗಿಲ ಮೂಲೆಗೆ ಮಾತ್ರ ಕೈ ಹಾಕಬೇಡ" ಅಂದರು. ಬಗ್ಗಿ ನೋಡಿದರೆ, ಗೀಚಿದ ಒಂದು ಆನೆ, ಅಂಗೈಯಗಲ. ಮಗಳು ಚಿಕ್ಕವಳಿದ್ದಾಗ ಬೀಗದ ಕೈಯಲ್ಲಿ ಗೀಚಿದ್ದಂತೆ. ಈಗ ಅವಳು ಕೃಷ್ಣಗಿರಿಯಲ್ಲಿ ಆಫೀಸರು.

"ದಿನಾ ಇದನ್ನ ಒಂದ್ಸಲ ಮುಟ್ಟಿಯೇ ಕಾರು ಹತ್ತೋದು ನಾನು" ಅಂದರು ಮೇಷ್ಟ್ರು.

ಅಣ್ಣ ಎದೆ ಮುಟ್ಟಿಕೊಂಡ. "ಆನೆ ನನ್ ಜವಾಬ್ದಾರಿ ಮೇಷ್ಟ್ರೇ!"

ಅವನು ಜವಾಬ್ದಾರಿ ಅಂದಾಗಲೆಲ್ಲ ನನಗೆ ಬೆವರು ಕಿತ್ತುಕೊಳ್ಳುತ್ತೆ.

ಶಬ್ದ ಕೇಳಿ ತಗೊಂಡಿದ್ದು

ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಅಣ್ಣನ ಭುಜ ಬಿದ್ದುಹೋಗಿತ್ತು. ಗಾಳಿ ಒತ್ತಡದಲ್ಲಿ ಓಡೋ ಉಜ್ಜುವ ಮಿಷನ್, ಅದೇ ಏರ್ ಸ್ಯಾಂಡರ್, ತರೋಣ ಅಂತ ಹೊಸೂರಿನ ಅಂಗಡಿಗೆ ಹೋದೆವು.

"ಉಂಗ ಕಂಪ್ರೆಸರ್ ಎವ್ಳೋ ಪೆರಿಸು?" ಅಂದರು ಅಂಗಡಿಯವರು. ನಿಮ್ಮ ಗಾಳಿ ತುಂಬೋ ಕಂಪ್ರೆಸರ್ ಎಷ್ಟು ದೊಡ್ಡದು ಅಂತ, ತಮಿಳಲ್ಲಿ.

"ದೊಡ್ದೇ ಸಾರ್, ಇಬ್ರು ಹಿಡುದ್ರೇ ಏಳೋದು" ಅಂದ ನಮ್ಮಣ್ಣ.

ಪಾಪ, ಅವರು ಕೇಳಿದ್ದು ಅದು ಎಷ್ಟು ಗಾಳಿ ಕೊಡುತ್ತೆ ಅಂತ. ಒಂದು ಚಿಕ್ಕ ಮಿಷನ್ ಕೈಗಿಟ್ಟು, "ಇದಕ್ಕೆ ಗಾಳಿ ಕಮ್ಮಿ ಸಾಕು, ಮೆತ್ತಗೆ ಉಜ್ಜುತ್ತೆ, ಹಳೇ ಕಾರಿಗೆ ಇದೇ ಸರಿ" ಅಂದರು.

"ಇದೇನ್ಲಾ, ಗಡ್ಡ ಹೆರೆಯೋ ಮಿಷನ್ ಇದ್ದಂಗದೆ" ಅಂತ ಅಣ್ಣ ಅದನ್ನು ಪಕ್ಕಕ್ಕಿಟ್ಟು, ದಪ್ಪ ಪೇಂಟನ್ನೆಲ್ಲ ಕಿತ್ತುಹಾಕೋ ದೊಡ್ಡದನ್ನೇ ಎತ್ತಿಕೊಂಡ. ಅಂಗಡಿಯವರು ಅದನ್ನು ಓಡಿಸಿ ತೋರಿಸಿದರು. ಬೇಡ ಕಣೋ ಅಂದೆ.

"ಸುಮ್ಕಿರ್ಲಾ! ಶಬ್ದ ಕೇಳ್ದಾ, ಶಬ್ದ?"

ಕೈಗೆ ಹೊಂದುತ್ತಾ ನೋಡಿ ತಗೊಳ್ಳೋ ಮಿಷನ್ನನ್ನ ನಮ್ಮಣ್ಣ ನಾದಸ್ವರದ ಹಾಗೆ ಕಣ್ಣು ಮುಚ್ಚಿ ಕೇಳಿ ತಗೊಂಡ.

ದಮ್ಮು ಕಟ್ಟಿತು

ಶೆಡ್ಡಿಗೆ ತಂದು ಕಂಪ್ರೆಸರಿಗೆ ಸಿಕ್ಕಿಸಿದೆವು. ಗುಯ್ ಅಂತ ಶುರುವಾಗಿದ್ದು ಒಂದು ಬೀಡಿ ಹಚ್ಚೋ ಅಷ್ಟರಲ್ಲಿ ಗೊರಗೊರ ಅಂದು ನಿಂತೇಹೋಯ್ತು. ನಮ್ಮ ಕಂಪ್ರೆಸರಿನ ಗಾಳಿ ಅದಕ್ಕೆ ಎಲ್ಲಿಗೂ ಸಾಲದು. ಸೋಲೊಪ್ಪದ ಅಣ್ಣ ಎರಡು ದಿನ ಮೈಭಾರವನ್ನೆಲ್ಲ ಹಾಕಿ ಒತ್ತಿ ಒತ್ತಿ ಉಜ್ಜಿದ. ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ನಿಂತು ನೋಡಿದ.

"ಅಲ್ಲಣ್ಣಾ, ಮಿಷನ್ ಕಾರನ್ನ ಉಜ್ತಾ ಅದೋ, ನೀನೇ ಮಿಷನ್ನ ಉಜ್ತಾ ಇದ್ದೀಯೋ?"

ಗಾಳಿ ಸಿಕ್ಕಿತು

ಅವನೇ ಕನಿಕರಪಟ್ಟು, ಲಾರಿ ಟೈರಿಗೆ ಗಾಳಿ ಹಿಡಿಯೋ ತನ್ನ ದೊಡ್ಡ ಟ್ಯಾಂಕಿನಿಂದ ಪೈಪ್ ಎಳೆದುಕೊಟ್ಟ. ನಾನು ಆನೆ ಮೇಲೆ ಪೇಪರಿಟ್ಟು ಸುತ್ತ ಟೇಪ್ ಅಂಟಿಸಿದೆ. ಅಣ್ಣ ಅಭ್ಯಾಸಬಲದಲ್ಲಿ ಮೈಭಾರವನ್ನೆಲ್ಲ ಹಾಕಿಯೇ ಬಟನ್ ಒತ್ತಿದ.

ಮಿಷನ್ ಅವನನ್ನೂ ಎಳಕೊಂಡು ಬಾಗಿಲ ಮೂಲೆಗೆ ನುಗ್ಗಿತು. ಟೇಪ್ ಹೋಯ್ತು, ಪೇಪರ್ ಹೋಯ್ತು. ಧೂಳು ಇಳಿದಾಗ ಬರೀ ತಗಡು ಫಳಫಳ ಹೊಳೀತಿತ್ತು. ಅಯ್ಯೋ ದೇವರೇ ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಅಣ್ಣನ ಕಣ್ಣಲ್ಲಿ ನೀರು.

ಪಂಕ್ಚರಿನವನು ಲೊಚಗುಟ್ಟಿದ. "ಅಂಚೆಟ್ಟಿ ಕಾಡಿನ ಕಡೆ ಒಂದಾನೆ ಓಡ್ಸೋಕೆ ಊರಿಗೂರೇ ತಮಟೆ ಹೊಡೀಬೇಕು. ನಿಮ್ಮಣ್ಣ ಒಬ್ನೇ ಓಡಿಸ್ಬುಟ್ಟ!"

ಆನೆ ಮತ್ತೆ ಬಂತು

ಹೇಳಿಕಳಿಸಿದೆವು, ಮೇಷ್ಟ್ರು ಬಂದರು. ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ತಗಡಿನ ಮೇಲೆ ಕೈಯಾಡಿಸಿ, "ಹೋಗ್ಲಿ ಬಿಡಪ್ಪ, ಪೇಂಟ್ ಹೊಡಿ" ಅಂದರು. ಆ ಚಿಕ್ಕ ಮಿಷನ್ ತಂದಿದ್ದರೆ ಇದೆಲ್ಲ ಆಗ್ತಿತ್ತಾ?

ಗಾಡಿ ಒಯ್ಯೋ ದಿನ ಜೊತೆಗೆ ಮಗಳನ್ನೂ ಕರೆದುಕೊಂಡು ಬಂದರು. "ಇನ್ನೊಂದ್ಸಲ ಬರೀಮ್ಮ" ಅಂದರು. ಆಕೆ ನಗ್ತಾ ಸೀರೆ ಒತ್ತರಿಸಿ ಕೂತು, ಬೀಗದ ಕೈಯಿಂದ ಗೀಚಿದಳು. ಬೆನ್ನು ಬಂತು, ಬಾಲ ಬಂತು, ನಾಲ್ಕು ಕಾಲು ಬಂತು. ನಮ್ಮ ಹೊಸ ಪೇಂಟಿನ ಮೇಲೆ ಆ ಕರಕರ ಶಬ್ದ ಕೇಳಲಾರದೆ ಅಣ್ಣ ಕಿವಿ ಮುಚ್ಚಿಕೊಂಡ. ಅಷ್ಟರಲ್ಲಿ ಮೇಷ್ಟ್ರಿಗೇ ಏನಾಯ್ತೋ, ಕೂಗೇಬಿಟ್ಟರು.

"ಏಯ್! ಹೊಸಾ ಪೇಂಟ್ ಕಣೇ, ನಿಲ್ಸೇ!"

ಆಕೆ ಬೆಚ್ಚಿ ಕೈ ಎತ್ತಿದಳು. ಆಮೇಲೆ ಬಾಗಿಲನ್ನೂ ಅಪ್ಪನನ್ನೂ ನೋಡಿ, "ಅವತ್ತೂ ನಾನು ಸೊಂಡಿಲು ಬರೆಯೋಕೆ ಮೊದ್ಲೇ ನೀನು ಹಿಂಗೇ ಕೂಗಿದ್ದೆ ಅಪ್ಪಾ" ಅಂದಳು.

ಮೇಷ್ಟ್ರು ಬಗ್ಗಿ ನೋಡಿದರು. ಸೊಂಡಿಲಿಲ್ಲದ ಆನೆಯನ್ನು ಮುಟ್ಟಿದರು. "ಇದೇ ಕಣೇ ನಮ್ಮಾನೆ!" ಅಂತ ನಗೋಕೆ ಶುರುಮಾಡಿದವರು ಅತ್ತುಬಿಟ್ಟರು. ನಾನೂ ಕಣ್ಣೊರೆಸಿಕೊಂಡೆ.

ನಮ್ಮಣ್ಣನೂ ಮೂಗೊರೆಸಿಕೊಳ್ತಾ ಮುಂದೆ ಬಂದ.

"ಗೀರಿನ ಅಂಚು ಕೈಗೆ ತರಚ್ತದೆ ಮೇಷ್ಟ್ರೇ. ಒಂದ್ಸಲ ಮಿಷನ್ನಾಗೆ ಹಗೂರಕ್ಕೆ ಉಜ್ಕೊಟ್ಬುಡ್ಲಾ?"

ಅಪ್ಪ ಮಗಳು ಯಾವಾಗ ಕಾರು ಹತ್ತಿದರೋ ನಾ ಕಾಣೆ. ಅಣ್ಣ ಪೈಪ್ ಸಿಕ್ಕಿಸಿ ತಿರುಗೋ ಅಷ್ಟರಲ್ಲಿ ಗಾಡಿ ಉದ್ದನಪಲ್ಲಿ ದಾರೀಲಿತ್ತು.